ಬಾಲ್ಯದ ಕ್ಯಾಸೆಟ್ಟಿನಲ್ಲಿ ಹಾಡಿದ ಮರಿಯಾ ಯಾರು?

ಪ್ರಶ್ನೆ: 1980ರ ದಶಕದಲ್ಲಿ ನಾವು ಭದ್ರಾವತಿಯಲ್ಲಿದ್ದೆವು. ತಂದೆಯವರ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ನ ಎಲ್‌ಪಿ ಇತ್ತು. ತಂದೆ ನಮ್ಮ ಟೇಪ್‌ರೆಕಾರ್ಡರನ್ನು ಅಲ್ಲಿಗೆ ಕೊಂಡೊಯ್ದು, ಸೆಲ್ ಹಾಕಿ, ಸ್ಪೀಕರಿನ ಮುಂದಿಟ್ಟು ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದರು. ನಾನೂ ತಮ್ಮನೂ ಅದನ್ನು ವರ್ಷಗಟ್ಟಲೆ ಕೇಳಿದೆವು. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿದ್ದರೂ ಎಲ್ಲ ಹಾಡುಗಳೂ ಬಾಯಿಪಾಠವಾಗಿದ್ದವು. ಎರಡನೆಯ ಬದಿಯ ಆರಂಭದಲ್ಲಿ ನಮ್ಮ ಅಜ್ಜಿ ಹೇಳಿದ ಒಂದು ದೇವರನಾಮವಿತ್ತು. ಅದನ್ನು ಅಳಿಸಲು ಮನಸ್ಸಾಗದೆ ತಂದೆ ಅದರ ಮುಂದಿನಿಂದ ತುಂಬಿಸಿದ್ದರು, ಹಾಗಾಗಿ ಕೊನೆಯ ಹಾಡು ನಡುವಿನಲ್ಲೇ ನಿಂತುಹೋಗುತ್ತಿತ್ತು. ಕಥೆಯಲ್ಲಿ ನಾಜಿಗಳಿಂದ ತಪ್ಪಿಸಿಕೊಳ್ಳಲು ಹೊರಟ ಕುಟುಂಬ ಸಿಕ್ಕಿಬಿದ್ದಿತೆಂದೇ ನಾವಿಬ್ಬರೂ ನಂಬಿದ್ದೆವು.

ಕಾಲೇಜಿನ ದಿನಗಳಲ್ಲಿ ಸಿನಿಮಾ ನೋಡಿದಾಗ ನಿರಾಸೆಯಾಯಿತು. ಮರಿಯಾಳ ಧ್ವನಿಯೇ ಬೇರೆ. ನಮ್ಮ ಕ್ಯಾಸೆಟ್ಟಿನಲ್ಲಿ ‘ಮೈ ಫೇವರಿಟ್ ಥಿಂಗ್ಸ್’ ಹಾಡಿಗೆ ಹಿರಿಯ ಹೆಂಗಸೊಬ್ಬರು ಜೊತೆಗೂಡುತ್ತಿದ್ದರು. ಹಣವಂತರ ಪ್ರೀತಿಯನ್ನು ಗೇಲಿ ಮಾಡುವ ಒಂದು ಹಾಡೂ ಇತ್ತು. ಅದನ್ನು ಕೇಳಿ ಬಲ್ಲವರು ಯಾರೂ ಸಿಗಲಿಲ್ಲ. ನಮ್ಮದು ಯಾರೋ ಹಾಡಿದ ನಕಲಿ ಇರಬೇಕೆಂದು ಸುಮ್ಮನಾದೆ. ಈಚೆಗೆ ಫೋನಿನಲ್ಲಿ 1959ರ ಮುದ್ರಿಕೆಯೊಂದು ಸಿಕ್ಕಿತು. ಹಾಡುಗಳೆಲ್ಲ ಅವೇ, ಆದರೆ ಶ್ರುತಿ ಇಳಿದಿದೆ, ನಡೆ ನಿಧಾನ, ಮಕ್ಕಳ ಧ್ವನಿ ದಪ್ಪ. ಪೂರ್ತಿ ಕೇಳದೆ ನಿಲ್ಲಿಸಿಬಿಟ್ಟೆ. ಡಿಜಿಟಲ್ ಮಾಡುವಾಗ ಕೆಡಿಸಿದ್ದಾರೆಯೇ? ನನ್ನ ನೆನಪೇ ಸುಳ್ಳೇ? ವಯಸ್ಸಾಗಿ ಕಿವಿ ಬದಲಾಗಿದೆಯೇ? ಕ್ಯಾಸೆಟ್ ಇನ್ನೂ ಇದೆ, ಆದರೆ ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿದೆ. ಓವನ್ನಿನಲ್ಲಿ ಬಿಸಿ ಮಾಡಿದರೆ ಸರಿಹೋಗುತ್ತದೆಂದು ಪರಿಚಿತರು ಹೇಳುತ್ತಾರೆ. ಒಂಬತ್ತು ವರ್ಷದ ಮಗಳಿಗೆ ಯಾವುದನ್ನು ಕೇಳಿಸಲಿ? ಪೂರ್ತಿ ಕೇಳಿದರೆ ಬಾಲ್ಯದ ಸುಖವೇ ಕೆಟ್ಟುಹೋದೀತೆಂಬ ಅಳುಕೂ ನನಗಿದೆ.

— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳು ಹೆಣೆದುಕೊಂಡಿದ್ದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ. ನೀವು ಅಷ್ಟು ಪ್ರೀತಿಸಿದ ಹಾಡುಗಳು ಆಗ ನಿಜವಾಗಿಯೂ ಹಾಗೆಯೇ ಇದ್ದವೇ, ಅಥವಾ ನೀವೇ ಕಲ್ಪಿಸಿಕೊಂಡಿರೇ ಎಂಬುದು. ಹಳೆಯ ಟೇಪುಗಳನ್ನು ದುರಸ್ತಿ ಮಾಡಿ ಮರುಮುದ್ರಿಸುವುದೇ ನನ್ನ ವೃತ್ತಿಯಾದ್ದರಿಂದ ಇಂಥ ಮಾತು ನನಗೆ ಹೊಸದಲ್ಲ. ನನ್ನ ಬಳಿಗೆ ಬರುವವುಗಳಲ್ಲಿ ಹರಿಕಥೆ, ತಾಳಮದ್ದಳೆ, ರಂಗಗೀತೆಗಳೇ ಹೆಚ್ಚು. ಆದರೆ ‘ಇದು ನಾನು ಕೇಳಿದ್ದಲ್ಲ’ ಎಂಬ ದೂರು ಎಲ್ಲದಕ್ಕೂ ಸಮಾನ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಕ್ಯಾಸೆಟ್ ನಕಲಿಯಲ್ಲ, ನಿಮ್ಮ ನೆನಪು ಸುಳ್ಳಲ್ಲ, ಫೋನಿನಲ್ಲಿ ಸಿಕ್ಕ ಮುದ್ರಿಕೆಯನ್ನು ಯಾರೂ ಕೆಡಿಸಿಲ್ಲ. ಈ ಮೂರೂ ಏಕಕಾಲಕ್ಕೆ ನಿಜವಾಗಿರುವುದು ಹೇಗೆ ಎಂಬುದನ್ನಷ್ಟೇ ವಿವರಿಸಬೇಕಾಗಿದೆ.

ನಮ್ಮಲ್ಲಿ ಬಹುತೇಕ ಎಲ್ಲರೂ ‘ದಿ ಸೌಂಡ್ ಆಫ್ ಮ್ಯೂಸಿಕ್’ ಎಂದರೆ 1965ರ ಸಿನಿಮಾ ಎಂದೇ ತಿಳಿದಿದ್ದಾರೆ. ಅದು ಹುಟ್ಟಿದ್ದು ರಂಗದ ಮೇಲೆ. ಮಠದಿಂದ ಹೊರಟು, ಆಸ್ಟ್ರಿಯಾದ ಕ್ಯಾಪ್ಟನ್ ಟ್ರಾಪ್ ಅವರ ಮನೆಗೆ ಮಕ್ಕಳನ್ನು ನೋಡಿಕೊಳ್ಳಲು ಬರುವ ಮರಿಯಾ ಎಂಬ ಯುವತಿಯ ಕಥೆ ಅದು. ರಿಚರ್ಡ್ ರಾಜರ್ಸ್ ಅವರ ಸಂಗೀತ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್ ಅವರ ಗೀತೆಗಳಿದ್ದ ಈ ಸಂಗೀತ ನಾಟಕ 1959ರ ನವೆಂಬರ್ 16ರಂದು ನ್ಯೂಯಾರ್ಕಿನ ಲಂಟ್-ಫಾಂಟಾನ್ ರಂಗಮಂದಿರದಲ್ಲಿ ಆರಂಭವಾಗಿ 1,443 ಪ್ರದರ್ಶನಗಳನ್ನು ಕಂಡಿತು. ಮರಿಯಾಳ ಪಾತ್ರ ಮೇರಿ ಮಾರ್ಟಿನ್ ಅವರದು, ಕ್ಯಾಪ್ಟನ್ ಪಾತ್ರ ಥಿಯೊಡೋರ್ ಬಿಕೆಲ್ ಅವರದು, ಮಠದ ಹಿರಿಯ ಸನ್ಯಾಸಿನಿಯಾಗಿ ಹಾಡಿದವರು ಆಪೆರಾ ಗಾಯಕಿ ಪ್ಯಾಟ್ರಿಶಿಯಾ ನ್ಯೂವೇ. ನಾಟಕ ಆರಂಭವಾದ ಕೆಲವೇ ದಿನಗಳಲ್ಲಿ ಇದೇ ನಟವರ್ಗವನ್ನು ಕೊಲಂಬಿಯಾ ಕಂಪನಿಯವರು ತಮ್ಮ ಸ್ಟುಡಿಯೊಗೆ ಕರೆಸಿ, ಗಾಡರ್ಡ್ ಲೀಬರ್ಸನ್ ಅವರ ಉಸ್ತುವಾರಿಯಲ್ಲಿ ಎಲ್ಲ ಹಾಡುಗಳನ್ನೂ ಮುದ್ರಿಸಿದರು. ಕಾಸ್ಟ್ ರೆಕಾರ್ಡಿಂಗ್ ಎಂದು ಅಲ್ಲಿ ಕರೆಯುವುದು ಇದನ್ನೇ. ನಮ್ಮ ಕಂಪನಿ ನಾಟಕಗಳ ನಟರು ತಮ್ಮ ರಂಗಗೀತೆಗಳನ್ನು 78 ಆರ್‌ಪಿಎಂ ತಟ್ಟೆಗಳಿಗೆ ಹಾಡಿದ ಪರಂಪರೆಯನ್ನು ಬಲ್ಲವರಿಗೆ ಇದು ಅಪರಿಚಿತವೇನಲ್ಲ. ಅಲ್ಲಿ ಎಲ್‌ಪಿ ಬಂದ ಮೇಲೆ ಇಡೀ ನಾಟಕದ ಹಾಡುಗಳು ಒಂದೇ ತಟ್ಟೆಗೆ ಹಿಡಿದವು ಎನ್ನುವುದಷ್ಟೇ ವ್ಯತ್ಯಾಸ.

ನೀವು ನಕಲಿಯೆಂದು ತಿಳಿದ ಲಕ್ಷಣಗಳೇ ನಿಮ್ಮ ಕ್ಯಾಸೆಟ್ಟಿನ ಮೂಲವನ್ನು ಸಾರುತ್ತವೆ. ನಾಟಕದಲ್ಲಿ ‘ಮೈ ಫೇವರಿಟ್ ಥಿಂಗ್ಸ್’ ಬರುವುದು ಮಠದೊಳಗೆ. ಮರಿಯಾ ಮನೆಪಾಠಕ್ಕೆಂದು ಹೊರಡುವ ಮುನ್ನ ಹಿರಿಯ ಸನ್ಯಾಸಿನಿಯೊಂದಿಗೆ ಅದನ್ನು ಹಾಡುತ್ತಾಳೆ. ಗುಡುಗು ಸಿಡಿಲಿನ ರಾತ್ರಿ ಮಕ್ಕಳ ಭಯ ಕಳೆಯಲು ಹಾಡುವುದು ‘ದಿ ಲೋನ್ಲಿ ಗೋಟ್‌ಹರ್ಡ್’ ಎಂಬ ಕುರಿಗಾಹಿಯ ಹಾಡನ್ನು. ಸಿನಿಮಾದವರು ಇವೆರಡರ ಜಾಗ ಬದಲಿಸಿ, ಕುರಿಗಾಹಿಯನ್ನು ಬೊಂಬೆಯಾಟಕ್ಕೆ ಕಳಿಸಿದರು. ಹಣವಂತರ ಪ್ರೀತಿಯನ್ನು ಗೇಲಿ ಮಾಡುವ ‘ಹೌ ಕ್ಯಾನ್ ಲವ್ ಸರ್ವೈವ್’, ರಾಜಕೀಯದ ಬಗ್ಗೆ ಮೂವರು ವಾದಿಸುವ ‘ನೋ ವೇ ಟು ಸ್ಟಾಪ್ ಇಟ್’, ಮರಿಯಾ ಮತ್ತು ಕ್ಯಾಪ್ಟನ್ ಹಾಡುವ ‘ಆ್ಯನ್ ಆರ್ಡಿನರಿ ಕಪಲ್’ ಎಂಬ ಮೂರು ಹಾಡುಗಳನ್ನು ಸಿನಿಮಾ ಕೈಬಿಟ್ಟಿತು. 1960ರ ಆಗಸ್ಟಿನಲ್ಲಿ ಹ್ಯಾಮರ್‌ಸ್ಟೈನ್ ತೀರಿಕೊಂಡಿದ್ದರಿಂದ, ಸಿನಿಮಾಕ್ಕೆ ಬೇಕಾದ ‘ಐ ಹ್ಯಾವ್ ಕಾನ್ಫಿಡೆನ್ಸ್’ ಮತ್ತು ‘ಸಮ್‌ಥಿಂಗ್ ಗುಡ್’ ಎಂಬೆರಡು ಹೊಸ ಹಾಡುಗಳಿಗೆ ಸಾಹಿತ್ಯವನ್ನೂ ರಾಜರ್ಸ್ ಒಬ್ಬರೇ ಬರೆದರು. ಈ ಎರಡು ಹಾಡುಗಳು ನಿಮ್ಮ ಕ್ಯಾಸೆಟ್ಟಿನಲ್ಲಿ ಇಲ್ಲವಾದರೆ, ಇಲ್ಲವೆಂದೇ ನನ್ನ ಊಹೆ, ಸಂದೇಹಕ್ಕೆ ಎಡೆಯೇ ಇಲ್ಲ.

ನಕಲಿ ಎಂಬ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಸಿನಿಮಾದಲ್ಲಿ ಕ್ಯಾಪ್ಟನ್ ಪಾತ್ರದ ಕ್ರಿಸ್ಟೊಫರ್ ಪ್ಲಮರ್ ಅವರ ಹಾಡುಗಳಿಗೆ ಧ್ವನಿ ಕೊಟ್ಟವರು ಬಿಲ್ ಲೀ, ಸನ್ಯಾಸಿನಿಯ ಹಾಡನ್ನು ಪೆಗಿ ವುಡ್ ಅವರ ಪರವಾಗಿ ಹಾಡಿದವರು ಮಾರ್ಜರಿ ಮೆಕೇ. ಎರವಲು ಧ್ವನಿಗಳಿರುವುದು ಜಗತ್ತು ಬಲ್ಲ ಆವೃತ್ತಿಯಲ್ಲಿ. ಪಾತ್ರಧಾರಿಗಳೇ ಹಾಡಿದ್ದು ನೀವು ಕೇಳಿದ್ದರಲ್ಲಿ. ಸಿನಿಮಾದ ಜೂಲಿ ಆಂಡ್ರ್ಯೂಸ್ ಅವರದು ಎತ್ತರದ, ಸ್ಫಟಿಕದಂಥ ಕಂಠ. ಮೇರಿ ಮಾರ್ಟಿನ್ ಅವರಿಗೆ ಆಗ ನಲವತ್ತರ ಮಧ್ಯವಯಸ್ಸು, ಧ್ವನಿ ತಗ್ಗಿನದು, ಮಾತಿಗೆ ಹತ್ತಿರವಾದದ್ದು. ಯಾವುದು ಮೇಲೆಂಬ ಚರ್ಚೆಗೆ ನಾನು ಇಳಿಯುವುದಿಲ್ಲ, ಆದರೆ ಮಕ್ಕಳಿಗೆ ಹಾಡು ಕಲಿಸುವ ಹೆಂಗಸಿನ ಧ್ವನಿ ಯಾವುದು ಎಂದು ಕೇಳಿದರೆ ನನ್ನ ಮತ ಮಾರ್ಟಿನ್ ಅವರಿಗೆ.

ಇನ್ನು ಶ್ರುತಿಯ ವಿಷಯ. ನಿಮ್ಮ ಪತ್ರದಲ್ಲಿ ಉತ್ತರ ಅಡಗಿರುವುದು ‘ಸೆಲ್ ಹಾಕಿ’ ಎಂಬ ಎರಡು ಪದಗಳಲ್ಲಿ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕೆಂಬುದು ನಿಯಮ. ಸೆಲ್‌ಗಳ ಶಕ್ತಿ ಕುಂದಿದಾಗ ಮೋಟಾರು ನಿಧಾನವಾಗುತ್ತದೆ. ಮುದ್ರಿಸಿಕೊಳ್ಳುವಾಗ ಟೇಪು ನಿಧಾನವಾಗಿ ಓಡಿದ್ದು, ಆಮೇಲೆ ಮನೆಯಲ್ಲಿ ಕರೆಂಟಿಗೆ ಹಾಕಿ ಸರಿಯಾದ ವೇಗದಲ್ಲಿ ನುಡಿಸಿದರೆ ಹಾಡು ಮೂಲಕ್ಕಿಂತ ಬೇಗ ಓಡುತ್ತದೆ, ಶ್ರುತಿಯೂ ಜೊತೆಗೇ ಏರುತ್ತದೆ. ವೇಗ ಶೇಕಡಾ 6ರಷ್ಟು ಹೆಚ್ಚಿದರೆ ಹಾರ್ಮೋನಿಯಂನಲ್ಲಿ ಬಿಳಿ ಒಂದರಿಂದ ಕರಿ ಒಂದಕ್ಕೆ ಏರಿದಷ್ಟು ವ್ಯತ್ಯಾಸವಾಗುತ್ತದೆ. ಮೂರು ನಿಮಿಷದ ಹಾಡು ಸುಮಾರು 2 ನಿಮಿಷ 50 ಸೆಕೆಂಡಿನಲ್ಲಿ ಮುಗಿಯುತ್ತದೆ. ಹತ್ತು ಸೆಕೆಂಡಿನ ಉಳಿತಾಯ ಯಾರ ಗಮನಕ್ಕೂ ಬರುವುದಿಲ್ಲ, ಆದರೆ ನಡೆಗೆ ಒಂದು ಲವಲವಿಕೆ ಬರುತ್ತದೆ, ಮಕ್ಕಳ ಧ್ವನಿ ತೆಳ್ಳಗಾಗುತ್ತದೆ, ದೊಡ್ಡವರ ಧ್ವನಿಗೆ ಎಳೆಯತನ ಬರುತ್ತದೆ. ಸೆಲ್ ಕುಂದುತ್ತಲೇ ಹೋಗುವುದರಿಂದ ಕ್ಯಾಸೆಟ್ಟಿನ ಆರಂಭಕ್ಕಿಂತ ಕೊನೆಯಲ್ಲಿ ಶ್ರುತಿ ಇನ್ನಷ್ಟು ಏರಿರುವುದೂ ಸಾಮಾನ್ಯ. ಬ್ಯಾಟರಿಯಲ್ಲಿ ಮುದ್ರಿಸಿದ ಎಷ್ಟೋ ತಾಳಮದ್ದಳೆಗಳಲ್ಲಿ ಭಾಗವತರು ರಾತ್ರಿ ಕಳೆದಂತೆ ಕಿರಿಯರಾಗುತ್ತ ಹೋಗುವುದನ್ನು ನಾನು ಕೇಳಿದ್ದೇನೆ.

ಹೀಗಿರುವಾಗ, ಫೋನಿನಲ್ಲಿ ಶ್ರುತಿ ಇಳಿದಿದೆಯೆಂದು ನಿಮಗನ್ನಿಸಿದ್ದು ಭ್ರಮೆಯಲ್ಲ. 1994ರಲ್ಲಿ ಡೇನಿಯಲ್ ಲೆವಿಟಿನ್ ಎಂಬ ಮನೋವಿಜ್ಞಾನಿ, ಸಂಗೀತ ಕಲಿಯದ ಸಾಮಾನ್ಯರಲ್ಲಿ ಅನೇಕರು ತಮಗೆ ಪ್ರಿಯವಾದ ಧ್ವನಿಮುದ್ರಿಕೆಯ ಹಾಡನ್ನು ನೆನಪಿನಿಂದಲೇ ಮೂಲ ಶ್ರುತಿಗೆ ತೀರ ಹತ್ತಿರವಾಗಿ ಹಾಡಬಲ್ಲರೆಂದು ತೋರಿಸಿದರು. ವರ್ಷಗಟ್ಟಲೆ ಒಂದೇ ಟೇಪನ್ನು ಕೇಳಿದ ನಿಮ್ಮ ಕಿವಿ ಆ ಟೇಪಿನ ಶ್ರುತಿಯನ್ನು ಕಾಪಿಟ್ಟುಕೊಂಡಿದೆ. ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಹಾಡಿದ ಶ್ರುತಿ ಅದಲ್ಲ, ಭದ್ರಾವತಿಯಲ್ಲಿ ಮುದ್ರಿತವಾದ ಶ್ರುತಿ.

ವಯಸ್ಸಿನ ಮಾತೂ ಬಂದಿದೆ. ನಡುವಯಸ್ಸಿನ ಹೊತ್ತಿಗೆ ಅತಿ ಎತ್ತರದ ಕಂಪನಗಳನ್ನು ಕೇಳುವ ಶಕ್ತಿ ಸ್ವಲ್ಪ ಕುಂದುವುದು ಸಹಜ, ಆದರೆ ಮನೆಯ ಟೇಪ್‌ರೆಕಾರ್ಡರಿನ ಮೈಕಿನಲ್ಲಿ ಹಿಡಿದ ಕ್ಯಾಸೆಟ್ಟಿನಲ್ಲಿ ಆ ಭಾಗ ಇದ್ದದ್ದೇ ಅಲ್ಪ. ಹಾಗಾಗಿ ಕಿವಿಯನ್ನು ದೂಷಿಸಬೇಕಾಗಿಲ್ಲ. ‘ಡಿಜಿಟಲ್‌ನಲ್ಲಿ ಜೀವವಿಲ್ಲ’ ಎಂಬ ಮಾತಂತೂ ನಾನು ದಿನವೂ ಕೇಳುವಂಥದ್ದು, ಅದರಲ್ಲಿ ಹುರುಳು ಕಡಿಮೆ. ನಿಮಗೆ ಅಪರಿಚಿತವಾಗಿ ಕಂಡದ್ದಕ್ಕೆ ಇನ್ನೊಂದು ಕಾರಣವಿರಬಹುದು. ಆ ಕಾಲದ ಸ್ಟೀರಿಯೊ ಮುದ್ರಿಕೆಗಳಲ್ಲಿ ಹಾಡುವವರನ್ನು ಎಡಕ್ಕೂ ಬಲಕ್ಕೂ ದೂರದೂರ ನಿಲ್ಲಿಸುವ ರೂಢಿಯಿತ್ತು. ಇಯರ್‌ಫೋನಿನಲ್ಲಿ ಕೇಳಿದರೆ ಒಬ್ಬರು ಒಂದು ಕಿವಿಯಲ್ಲಿ, ಮತ್ತೊಬ್ಬರು ಇನ್ನೊಂದರಲ್ಲಿ. ನೀವು ಬಾಲ್ಯದಲ್ಲಿ ಕೇಳಿದ್ದು ಒಂದೇ ಮೈಕು, ಬಹುಶಃ ಒಂದೇ ಸ್ಪೀಕರು, ಜೊತೆಗೆ ಆ ಸಹೋದ್ಯೋಗಿಯ ಮನೆಯ ಹಜಾರದ ಅನುರಣನ.

ಆದರೂ ನಿಮ್ಮ ಅಳುಕಿನ ಬಹುಪಾಲು ಶ್ರುತಿಗೆ ಸಂಬಂಧಿಸಿದ್ದಲ್ಲ ಎಂದು ನನಗನ್ನಿಸುತ್ತದೆ. ಕಾಸ್ಟ್ ರೆಕಾರ್ಡಿಂಗ್ ಎಂಬುದು ನಾಟಕದ ನೇರ ಮುದ್ರಣವಲ್ಲ. ಸಂಭಾಷಣೆಗಳನ್ನು ಬಿಟ್ಟು, ಕುಣಿತದ ಸಂಗೀತವನ್ನು ಮೊಟಕುಗೊಳಿಸಿ, ಹಾಡುಗಳನ್ನಷ್ಟೇ ಪೋಣಿಸಿ ಸ್ಟುಡಿಯೊದಲ್ಲಿ ಸಿದ್ಧಪಡಿಸಿದ್ದು. ಯಾರು ಯಾರಿಗೆ ಹೇಳುತ್ತಿದ್ದಾರೆ, ನಡುವೆ ಏನು ನಡೆಯಿತು, ಯಾರು ಒಳಗೆ ಬಂದರು ಎಂಬುದೊಂದೂ ಅದರಲ್ಲಿಲ್ಲ. ನಾಟಕ ನೋಡಿ ಬಂದವರಿಗೆ ಅದು ಜ್ಞಾಪಕಾರ್ಥದ ವಸ್ತು. ನಾಟಕವನ್ನೇ ನೋಡದ ಇಬ್ಬರು ಮಕ್ಕಳಿಗೆ ಅದು ಅರ್ಧ ಬರೆದಿಟ್ಟ ಕಥೆ. ಉಳಿದರ್ಧವನ್ನು ಅವರೇ ಕಟ್ಟಿಕೊಳ್ಳಬೇಕು, ನೀವು ಕಟ್ಟಿಕೊಂಡಿರಿ. ಅಂತ್ಯವನ್ನು ಕೂಡ ನೀವೇ ಬರೆದಿರಿ, ಅದೂ ದುರಂತವಾಗಿ. ಸಿನಿಮಾ ನಿಮಗೆ ನಿರಾಸೆ ತಂದದ್ದು ಅದು ಕೆಟ್ಟದ್ದೆಂದಲ್ಲ, ನಿಮ್ಮ ತಲೆಯೊಳಗೆ ಆಗಲೇ ನಡೆಯುತ್ತಿದ್ದ ಪ್ರದರ್ಶನವನ್ನು ಅದು ನಿಲ್ಲಿಸಿತೆಂಬ ಕಾರಣಕ್ಕೆ. ಆ ಪ್ರದರ್ಶನ ಯಾವ ಮುದ್ರಿಕೆಯಲ್ಲೂ ಇರಲಿಲ್ಲ. ಎಷ್ಟೇ ಶುದ್ಧವಾದ ಪ್ರತಿಯನ್ನು ತಂದರೂ ಅದು ಅಲ್ಲಿ ಸಿಗುವುದಿಲ್ಲ. ಇದನ್ನು ಒಪ್ಪಿಕೊಂಡು ಕೇಳಿದರೆ ಮುದ್ರಿಕೆಯ ಮೇಲೆ ಅನ್ಯಾಯದ ಭಾರ ಬೀಳುವುದಿಲ್ಲ.

ಅಂದಹಾಗೆ, ಆ ಕುಟುಂಬ ಸಿಕ್ಕಿಬೀಳಲಿಲ್ಲ. ನಾಟಕದಲ್ಲೂ ಸಿನಿಮಾದಲ್ಲೂ ಅವರು ಬೆಟ್ಟ ಹತ್ತಿ ಪಾರಾಗುತ್ತಾರೆ. ನಿಜಜೀವನದ ಟ್ರಾಪ್ ಕುಟುಂಬ 1938ರಲ್ಲಿ ರೈಲು ಹತ್ತಿ ಇಟಲಿಗೆ ಹೋಯಿತು. ಸಾಲ್ಜ್‌ಬರ್ಗಿನ ಆ ಬೆಟ್ಟಗಳನ್ನು ದಾಟಿದ್ದರೆ ಅವರು ಇಳಿಯುತ್ತಿದ್ದುದು ಹಿಟ್ಲರನ ಜರ್ಮನಿಗೇ.

ಈಗ ದೊಡ್ಡವರಾಗಿ ಕೇಳಿದರೆ ಸಿಗುವುದೇನು? ನನ್ನ ಅನುಭವದಲ್ಲಿ ಮಕ್ಕಳ ಹಾಡುಗಳು ಸ್ವಲ್ಪ ಸಪ್ಪೆಯಾಗುತ್ತವೆ, ಬಾಲ್ಯದಲ್ಲಿ ಬೇಸರ ಹುಟ್ಟಿಸಿದ ಹಾಡುಗಳು ಕಣ್ಣು ತೆರೆಸುತ್ತವೆ. ಹಣವಂತರ ಹಾಡನ್ನೇ ತೆಗೆದುಕೊಳ್ಳಿ. ಕ್ಯಾಪ್ಟನ್ನನ್ನು ಮದುವೆಯಾಗಲಿರುವ ಶ್ರೀಮಂತ ವಿಧವೆ ಎಲ್ಸಾ ಮತ್ತು ಸಂಗೀತ ಕಾರ್ಯಕ್ರಮಗಳ ದಲ್ಲಾಳಿ ಮ್ಯಾಕ್ಸ್, ಬಡತನದ ಕಷ್ಟಗಳೇ ಇಲ್ಲದೆ ಪ್ರೀತಿ ಬದುಕುವುದು ಹೇಗೆಂದು ನಗಾಡುತ್ತಾರೆ. ಹಗುರವಾದ ಹಾಡು. ಆಮೇಲೆ ಬರುವ ‘ನೋ ವೇ ಟು ಸ್ಟಾಪ್ ಇಟ್’ನಲ್ಲಿ ಅದೇ ಇಬ್ಬರು, ನಾಜಿಗಳು ಬರುವುದನ್ನು ತಡೆಯಲಾಗದು, ಆದ್ದರಿಂದ ತಗ್ಗಿಬಗ್ಗಿ ನಡೆದುಕೊಂಡು ನಮ್ಮ ಸುಖ ನಾವು ನೋಡಿಕೊಳ್ಳೋಣ ಎಂದು ಕ್ಯಾಪ್ಟನ್ನಿಗೆ ಅಷ್ಟೇ ಹಗುರವಾಗಿ ಬುದ್ಧಿ ಹೇಳುತ್ತಾರೆ. ನಾಟಕದಲ್ಲಿ ಕ್ಯಾಪ್ಟನ್ ಮತ್ತು ಎಲ್ಸಾ ಬೇರೆಯಾಗುವುದು ಈ ಭಿನ್ನಾಭಿಪ್ರಾಯದಿಂದ. ಸಿನಿಮಾ ಈ ಎರಡೂ ಹಾಡುಗಳನ್ನು ತೆಗೆದುಹಾಕಿದ್ದರಿಂದ ಅವರ ಅಗಲಿಕೆ ಮರಿಯಾಳ ಮೇಲಿನ ಪ್ರೀತಿಯ ವಿಷಯವಾಗಿಬಿಟ್ಟಿತು. ನೀವು ‘ಯಾರೂ ಕೇಳಿಲ್ಲದ ಹಾಡು’ ಎಂದು ಬರೆದದ್ದು ಕಥೆಯ ರಾಜಕೀಯ ಬೆನ್ನೆಲುಬಿನ ಒಂದು ತುಂಡು.

‘ಎಡೆಲ್ವೈಸ್’ ಹಾಡಿಗೂ ಹೀಗೊಂದು ಮರುಕೇಳ್ವಿ ಸಲ್ಲುತ್ತದೆ. ಅದು ಆಸ್ಟ್ರಿಯಾದ ಹಳೆಯ ಜನಪದ ಗೀತೆ, ರಾಷ್ಟ್ರಗೀತೆ ಎಂದೆಲ್ಲ ನಂಬುವವರಿದ್ದಾರೆ. ಎರಡೂ ಅಲ್ಲ. ನ್ಯೂಯಾರ್ಕಿಗೆ ಬರುವ ಮುನ್ನ ನಾಟಕ ಬಾಸ್ಟನ್ನಿನಲ್ಲಿ ಪ್ರಾಯೋಗಿಕವಾಗಿ ನಡೆಯುತ್ತಿದ್ದಾಗ ಸೇರಿಸಿದ ಹಾಡು ಅದು, ಹ್ಯಾಮರ್‌ಸ್ಟೈನ್ ಬರೆದ ಕೊನೆಯ ಗೀತೆ. ಅದನ್ನು ಗಿಟಾರಿನೊಂದಿಗೆ ಹಾಡಿದ ಬಿಕೆಲ್ ಹುಟ್ಟಿದ್ದು 1924ರಲ್ಲಿ, ವಿಯೆನ್ನಾದ ಯಹೂದಿ ಮನೆಯಲ್ಲಿ. 1938ರಲ್ಲಿ ಜರ್ಮನಿ ಆಸ್ಟ್ರಿಯಾವನ್ನು ಕಬಳಿಸಿದ ಮೇಲೆ ಅವರ ಕುಟುಂಬ ದೇಶ ಬಿಟ್ಟು ಪ್ಯಾಲೆಸ್ಟೈನಿಗೆ ಹೋಯಿತು. ತಾಯ್ನಾಡನ್ನು ಹರಸುವ ಆ ಸರಳ ಸಾಲುಗಳನ್ನು, ಆ ನಾಡಿನಿಂದ ಹೊರದಬ್ಬಿಸಿಕೊಂಡ ಮನುಷ್ಯನೊಬ್ಬ ಇಪ್ಪತ್ತೊಂದು ವರ್ಷಗಳ ಬಳಿಕ ಹಾಡುತ್ತಿದ್ದಾನೆಂದು ತಿಳಿದು ಕೇಳುವುದು ಬೇರೆಯೇ ಅನುಭವ. ಇದು ಎಂಟು ವರ್ಷದ ಮಗುವಿಗೆ ದಕ್ಕುವಂಥದ್ದಲ್ಲ.

ಎಲ್ಲವೂ ಹೀಗೆ ಲಾಭವೇ ಆಗುವುದಿಲ್ಲ. ‘ಸಿಕ್ಸ್‌ಟೀನ್ ಗೋಯಿಂಗ್ ಆನ್ ಸೆವೆಂಟೀನ್’ ಹಾಡು, ಹುಡುಗಿಗೆ ದಾರಿ ತೋರಲು ತನಗಿಂತ ದೊಡ್ಡ ಹುಡುಗನೇ ಬೇಕೆಂದು ಹೇಳುವಾಗ ನಿಮಗೆ ಮುಜುಗರವಾಗಬಹುದು. ಆ ಬುದ್ಧಿವಾದ ಹೇಳುವ ಹುಡುಗ ರೋಲ್ಫ್ ಮುಂದೆ ನಾಜಿಗಳ ಜೊತೆ ಸೇರುತ್ತಾನೆ ಎಂಬುದನ್ನು ನೆನೆದರೆ ಹಾಡಿನೊಳಗೆ ಒಂದು ವ್ಯಂಗ್ಯ ಕಾಣುತ್ತದೆ, ಆದರೆ ಧ್ವನಿಮುದ್ರಿಕೆಯಲ್ಲಿ ಕಥೆಯಿಲ್ಲದ್ದರಿಂದ ಆ ವ್ಯಂಗ್ಯ ಕೇಳುಗರಿಗೆ ತಲುಪುವುದಿಲ್ಲ.

ಕೇಳುವ ಬಗೆಯಲ್ಲಿ ನಿಮ್ಮ ಮುಂದಿರುವ ದಾರಿಗಳನ್ನು ಹೇಳುತ್ತೇನೆ. ಸುಲಭವಾದದ್ದು, ಇಯರ್‌ಫೋನ್ ತೆಗೆದಿಟ್ಟು, ಫೋನಿನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಮೋನೊ ಆಡಿಯೊ ಆಯ್ಕೆಯನ್ನು ಒತ್ತಿ, ಒಂದು ಸಾಧಾರಣ ಸ್ಪೀಕರಿನಲ್ಲಿ 1959ರ ಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕೂತಿನಲ್ಲಿ ಕೇಳುವುದು. ಒಂದೆರಡು ಹಾಡಿಗೆ ನಿಲ್ಲಿಸಿದರೆ ಅಪರಿಚಿತತೆಯಷ್ಟೇ ಮನಸ್ಸಿನಲ್ಲಿ ಉಳಿಯುತ್ತದೆ. ಕಿವಿ ಹೊಸ ಶ್ರುತಿಗೆ ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಇನ್ನೊಂದು ದಾರಿಯೆಂದರೆ, ಅದರ ಸಿಡಿಯನ್ನು ಕೊಂಡು, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವೇಗವನ್ನು ಶೇಕಡಾ 4ರಿಂದ 6ರಷ್ಟು ಏರಿಸಿ ನೋಡುವುದು. ಶ್ರುತಿ ಮತ್ತು ವೇಗ ಎರಡೂ ಒಟ್ಟಿಗೆ ಬದಲಾಗುವ ಆಯ್ಕೆಯನ್ನೇ ಬಳಸಬೇಕು. ನಿಮ್ಮ ಬಾಲ್ಯದ ಹಾಡು ಥಟ್ಟನೆ ಎದುರಿಗೆ ಬಂದು ನಿಂತೀತು. ಇದರ ಅಪಾಯವೆಂದರೆ, ಅದನ್ನೇ ಪದೇಪದೇ ಕೇಳಿದರೆ ಮೂಲ ಮುದ್ರಿಕೆ ನಿಮಗೆ ಎಂದೆಂದಿಗೂ ‘ತಪ್ಪು’ ಎನ್ನಿಸುತ್ತ ಉಳಿದುಬಿಡುತ್ತದೆ. ಕೇಳದೆಯೇ ಇರುವುದೂ ಒಂದು ಆಯ್ಕೆಯೇ, ಅದನ್ನು ಹೇಡಿತನವೆಂದು ನಾನು ಹೇಳಲಾರೆ. ಆದರೆ ಮೊದಲ ಹಾಡುಗಳನ್ನು ನೀವು ಈಗಾಗಲೇ ಕೇಳಿಬಿಟ್ಟಿರುವುದರಿಂದ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ.

ಕ್ಯಾಸೆಟ್ಟಿನ ವಿಷಯದಲ್ಲಿ ನಾನು ಇಷ್ಟು ಉದಾರಿಯಲ್ಲ. ಓವನ್ನಿನ ಹತ್ತಿರ ಅದನ್ನು ಒಯ್ಯಬೇಡಿ. ಟೇಪನ್ನು ಬಿಸಿ ಮಾಡುವ ಪದ್ಧತಿ ಇರುವುದು ನಿಜ, ಆದರೆ ಅದು ಮುಖ್ಯವಾಗಿ 1970 ಮತ್ತು 80ರ ದಶಕಗಳ ಕೆಲವು ಸ್ಟುಡಿಯೊ ರೀಲುಗಳ ಅಂಟು ತೇವ ಹೀರಿ ಜಿಗುಟಾದಾಗ, ಉಷ್ಣತೆಯನ್ನು ಬಿಗಿಯಾಗಿ ನಿಯಂತ್ರಿಸಬಲ್ಲ ಸಾಧನದಲ್ಲಿ, ಗಂಟೆಗಟ್ಟಲೆ ಮಾಡುವ ಚಿಕಿತ್ಸೆ. ನಿಮ್ಮದು ಬೂಷ್ಟಿನ ತೊಂದರೆ. ಶಾಖ ಅದಕ್ಕೆ ಮದ್ದಲ್ಲ. ಅಡುಗೆಮನೆಯ ಓವನ್ನಿನಲ್ಲಿ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಸೊಟ್ಟಗಾಗಿ ಟೇಪು ಮತ್ತೆ ಸುತ್ತದ ಹಾಗಾಗುತ್ತದೆ. ಒಮ್ಮೆ ನುಡಿಸಿ ನೋಡೋಣವೆಂಬ ಆಸೆಯನ್ನೂ ತಡೆದುಕೊಳ್ಳಿ. ಬೂಷ್ಟು ಹಿಡಿದ ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಎಳೆದರೆ ಕಾಂತೀಯ ಲೇಪ ಕಿತ್ತುಬರುತ್ತದೆ, ಜೊತೆಗೆ ಬೂಷ್ಟಿನ ಕಣಗಳು ಟೇಪ್‌ರೆಕಾರ್ಡರಿಗೂ, ಅಲ್ಲಿಂದ ಇತರ ಕ್ಯಾಸೆಟ್ಟುಗಳಿಗೂ ಹರಡುತ್ತವೆ. ಬಿಸಿಲಿಗೆ ಇಡುವುದೂ ಬೇಡ. ಸದ್ಯಕ್ಕೆ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಬೇರೆ ಕ್ಯಾಸೆಟ್ಟುಗಳಿಂದ ದೂರವಾಗಿ ಇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಉಬ್ಬಸವಿದ್ದವರು ಮನೆಯಲ್ಲಿದ್ದರೆ ಅವರು ಅದನ್ನು ತೆರೆಯದಿರಲಿ.

ನಂತರ ಅದನ್ನು ಟೇಪು ಮರುಮುದ್ರಣದಲ್ಲಿ ಪಳಗಿದವರ ಕೈಗೆ ಕೊಡಿ. ಯುಎಸ್‌ಬಿ ತಂತಿಯಿರುವ ಅಗ್ಗದ ಕ್ಯಾಸೆಟ್ ಪ್ಲೇಯರುಗಳನ್ನು ನಾನು ಒಪ್ಪುವುದಿಲ್ಲ. ಅವುಗಳ ವೇಗವೇ ಸ್ಥಿರವಾಗಿರುವುದಿಲ್ಲ, ನಿಮ್ಮ ಮೂಲ ತೊಂದರೆಯೂ ವೇಗದ್ದೇ. ಕೊಡುವ ಮುನ್ನ ಕೆಲವು ಮಾತುಗಳನ್ನು ಕೇಳಿ ತಿಳಿದುಕೊಳ್ಳಿ. ಕ್ಯಾಸೆಟ್ಟನ್ನು ಬಿಚ್ಚಿ, ಟೇಪನ್ನು ಶುಚಿಗೊಳಿಸಿ ಹೊಸ ಕವಚಕ್ಕೆ ಹಾಕುತ್ತಾರೆಯೇ? ನುಡಿಸುವ ಹೆಡ್ಡಿನ ಕೋನವನ್ನು ನಿಮ್ಮ ಟೇಪಿಗೆ ಹೊಂದಿಸುತ್ತಾರೆಯೇ? 24 ಬಿಟ್‌ನ ವೇವ್ ಕಡತವನ್ನು ಯಾವ ತಿದ್ದುಪಡಿಯೂ ಇಲ್ಲದೆ ಪ್ರತ್ಯೇಕವಾಗಿ ಕೊಡುತ್ತಾರೆಯೇ? ಮೂರನೆಯದಕ್ಕೆ ‘ನಾವೇ ಕ್ಲೀನ್ ಮಾಡಿ ಕೊಡುತ್ತೇವೆ’ ಎಂಬ ಉತ್ತರವಷ್ಟೇ ಬಂದರೆ ಬೇರೆಯವರನ್ನು ಹುಡುಕಿ. ಸದ್ದು ತೆಗೆಯುವ ಭರದಲ್ಲಿ ಧ್ವನಿಯ ಅಂಚುಗಳನ್ನೂ ಕೆರೆದುಹಾಕಿದ ಎಷ್ಟೋ ಕಡತಗಳು ನನ್ನ ಬಳಿಗೆ ಬಂದಿವೆ, ಅವನ್ನು ಹಿಂದಕ್ಕೆ ತರಲಾಗುವುದಿಲ್ಲ.

ಇಷ್ಟೆಲ್ಲ ಶ್ರಮ ಸೌಂಡ್ ಆಫ್ ಮ್ಯೂಸಿಕ್‌ಗಾಗಿ ಬೇಕಾಗಿಲ್ಲ, ಅದರ ಒಳ್ಳೆಯ ಪ್ರತಿಗಳು ಎಲ್ಲೆಡೆ ಇವೆ. ಆ ಟೇಪಿನಲ್ಲಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದಿರುವುದು ಎರಡನೆಯ ಬದಿಯ ದೇವರನಾಮ. ಬಹುಶಃ ಅದನ್ನು ಬೇರೆ ದಿನ, ಮನೆಯಲ್ಲೇ ಮುದ್ರಿಸಿದ್ದರಿಂದ ಅದರ ವೇಗವೂ ಎಲ್‌ಪಿಯ ಭಾಗದ ವೇಗವೂ ಬೇರೆಬೇರೆ ಇರುವ ಸಾಧ್ಯತೆ ಹೆಚ್ಚು. ಇಡೀ ಬದಿಯನ್ನು ಒಂದೇ ಲೆಕ್ಕದಲ್ಲಿ ನಿಧಾನಗೊಳಿಸಿದರೆ ನಿಮ್ಮ ಅಜ್ಜಿಯ ಧ್ವನಿ ಗಂಡುಧ್ವನಿಯಾದೀತು. ಎಲ್‌ಪಿಯ ಭಾಗಕ್ಕೆ 1959ರ ಮುದ್ರಿಕೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ದೇವರನಾಮಕ್ಕೆ ಅಂಥ ಅಳತೆಗೋಲಿಲ್ಲ, ಆದರೆ ಅದನ್ನು ಕರೆಂಟಿನಲ್ಲಿ ಮುದ್ರಿಸಿದ್ದರೆ ಹಿನ್ನೆಲೆಯಲ್ಲಿ ‘ಗುಂಯ್’ ಎಂಬ ಸಣ್ಣ ಸದ್ದು ಉಳಿದಿರುತ್ತದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಆ ಗುಂಯ್‌ಕಾರ 52ರಲ್ಲಿ ಸಿಕ್ಕಿತೆಂದರೆ ಟೇಪು ಶೇಕಡಾ 4ರಷ್ಟು ಬೇಗ ಓಡುತ್ತಿದೆ ಎಂದು ಲೆಕ್ಕ. ಆ ದಿನಗಳಲ್ಲಿ ಬೇಡಿಕೆ ಹೆಚ್ಚಾದಾಗ ಆವರ್ತನವೇ 50ಕ್ಕಿಂತ ಕೆಳಗಿಳಿಯುತ್ತಿದ್ದುದರಿಂದ ಇದು ಅಂದಾಜೇ ಹೊರತು ಕರಾರುವಾಕ್ಕಲ್ಲ. ಅಂತಿಮವಾಗಿ ಅಜ್ಜಿಯ ಧ್ವನಿಯನ್ನು ಬಲ್ಲ ಹಿರಿಯರೊಬ್ಬರು ಕೇಳಿ ಹೌದೆನ್ನಬೇಕು. ಆದ್ದರಿಂದ ಈ ಕೆಲಸವನ್ನು ಅವರಿರುವಾಗಲೇ ಮಾಡಿಸಿ. ಸ್ವಂತ ಬಳಕೆಗೆಂದು ಹೀಗೆ ಪ್ರತಿ ಮಾಡಿಕೊಳ್ಳುವುದಕ್ಕೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ. ಎಲ್‌ಪಿಯ ಭಾಗವನ್ನು ಅಂತರಜಾಲಕ್ಕೆ ಏರಿಸುವುದು ಬೇರೆ ಮಾತು, ಅದು ಬೇಡ.

ಮಗಳ ವಿಷಯ ಉಳಿಯಿತು. ಸಿನಿಮಾ ಮೊದಲು ತೋರಿಸಿದರೆ ಅವಳಿಗೆ ಕಥೆ ಸ್ಪಷ್ಟವಾಗುತ್ತದೆ, ಆದರೆ ಆಮೇಲೆ ಯಾವ ಹಾಡು ಕೇಳಿದರೂ ಆ ಮುಖಗಳೇ ಕಣ್ಣಮುಂದೆ ಬರುತ್ತವೆ. ಹಾಡುಗಳನ್ನು ಮೊದಲು ಕೇಳಿಸಿದರೆ ಅವಳ ಕಲ್ಪನೆಗೆ ಅವಕಾಶವಿರುತ್ತದೆ. ಬೇಸರಗೊಂಡು ಎದ್ದುಹೋಗುವ ಸಾಧ್ಯತೆಯೂ ಇರುತ್ತದೆ, ಏಕೆಂದರೆ ನಿಮ್ಮ ಮನೆಯಲ್ಲಿ ಆಗ ಇದ್ದುದು ಬೆರಳೆಣಿಕೆಯ ಕ್ಯಾಸೆಟ್ಟುಗಳು, ಅವಳ ಮುಂದೆ ಎಲ್ಲವೂ ಇದೆ. ನನ್ನನ್ನು ಕೇಳಿದರೆ 1959ರ ಮುದ್ರಿಕೆಯನ್ನು ಪ್ರಯಾಣದಲ್ಲೋ ರಜೆಯ ಮಧ್ಯಾಹ್ನದಲ್ಲೋ ಹಾಕಿಬಿಡಿ, ನಿಮ್ಮ ಬಾಲ್ಯದ ಪೀಠಿಕೆ ಬೇಡ. ಅವಳು ಕಥೆ ಕೇಳಿದರೆ ಮಾತ್ರ ಹೇಳಿ, ರೋಲ್ಫ್‌ನ ಹಾಡಿನ ಬಗ್ಗೆ ಕೇಳಿದರೆ ಅವನು ಮುಂದೆ ಏನಾದನೆಂಬುದನ್ನೂ ಹೇಳಿ. ನಾಟಕದಲ್ಲಿ ಅವನು ಅಡಗಿದ್ದ ಕುಟುಂಬವನ್ನು ಕಂಡೂ ಯಾರೂ ಇಲ್ಲವೆಂದು ಸುಳ್ಳು ಹೇಳಿ ಕಾಪಾಡುತ್ತಾನೆ, ಸಿನಿಮಾದಲ್ಲಿ ಸೀಟಿ ಊದಿ ಹಿಡಿದುಕೊಡಲು ನೋಡುತ್ತಾನೆ. ಒಂಬತ್ತು ವರ್ಷದವರು ಇದರ ಬಗ್ಗೆ ಚೆನ್ನಾಗಿ ಜಗಳ ಆಡಬಲ್ಲರು. ಸಿನಿಮಾವನ್ನು ಆಮೇಲೆ, ಅದೇ ಕಥೆಯ ಬೇರೊಂದು ಕೃತಿಯೆಂದು ತೋರಿಸಿ. ಅದರ ಅವಧಿ 174 ನಿಮಿಷ. ಮಧ್ಯಂತರದವರೆಗೆ ಒಂದು ದಿನ, ಉಳಿದದ್ದು ಮರುದಿನ.